ಮರಿಯಮ್ಮ ದಾಟಿಹೋದ ಮನೆ

ನಾನು ಕೇಳಿದ ಒಂದು ಪ್ರಶ್ನೆಯ ಪೆಟ್ಟು ಬಿದ್ದದ್ದು ನನ್ನ ಮೇಲಲ್ಲ, ನಮ್ಮ ಚರ್ಚಿನ ಗುರುಗಳ ಮೇಲಲ್ಲ, ಪಾಲನಾ ಸಮಿತಿಯ ಹನ್ನೊಂದು ಮಂದಿಯಲ್ಲಿ ಒಬ್ಬರ ಮೇಲೂ ಅಲ್ಲ. ಬಾಪೂಜಿ ನಗರದ ಒಂದು ಒಂಟಿ ಕೋಣೆಯಲ್ಲಿ ವಾಸಿಸುವ, ಮೂರು ಮನೆಗಳಲ್ಲಿ ಪಾತ್ರೆ ತೊಳೆಯುವ, ಅಕ್ಷರ ಕಲಿಯದ ಒಬ್ಬ ಹೆಂಗಸಿನ ಮೇಲೆ ಅದು ಬಿತ್ತು. ಆಕೆಗೆ ನಮ್ಮ ನಡುವೆ ಇದ್ದದ್ದು ಒಂದೇ ಸ್ಥಾನ. ಅದನ್ನು ನಾವು ಕಿತ್ತುಕೊಂಡೆವು. ಕಿತ್ತುಕೊಳ್ಳುವ ಠರಾವಿನ ಕರಡು ನನ್ನ ಕೈಬರಹದಲ್ಲಿದೆ.

ಆಕೆಯನ್ನು ನಮ್ಮ ಬೀದಿಯವರೆಲ್ಲ ಜಪದಮ್ಮ ಎಂದು ಕರೆಯುತ್ತಿದ್ದರು. ರಾಯಚೂರಿನ ಕಡೆಯವಳು. ಗಂಡನೊಂದಿಗೆ ಮೈಸೂರು ರಸ್ತೆಯ ಕಟ್ಟಡ ಕೆಲಸಕ್ಕೆಂದು ಬಂದು, ಆತ ತೀರಿಕೊಂಡ ಮೇಲೂ ಇಲ್ಲೇ ಉಳಿದಳು. ಅವಳ ತಾಯಿ, ತಾಯಿಯ ತಾಯಿ ಎಲ್ಲರೂ ಕಥೋಲಿಕರು. ಊರಲ್ಲಿ ಗುರುಗಳು ತಿಂಗಳಿಗೊಮ್ಮೆ ಬರುತ್ತಿದ್ದ ಕಾಲದಲ್ಲಿ ಕೇರಿಯ ಹೆಂಗಸರೇ ಪ್ರಾರ್ಥನೆಗಳನ್ನು ಬಾಯಿಂದ ಬಾಯಿಗೆ ದಾಟಿಸಿಕೊಂಡು ಬಂದವರು. ಹಾಗೆ ಬಂದದ್ದೆಲ್ಲ ಜಪದಮ್ಮನಿಗೆ ಬಾಯಿಪಾಠವಾಗಿತ್ತು.

ನಮ್ಮ ಚರ್ಚಿನಲ್ಲಿ ಒಂದು ಪದ್ಧತಿ ಇದೆ. ಅಕ್ಟೋಬರ್ ಜಪಸರದ, ಅಂದರೆ ಮಣಿ ಎಣಿಸುತ್ತ ಹೇಳುವ ಪ್ರಾರ್ಥನೆಯ ತಿಂಗಳು. ಆ ತಿಂಗಳ ಮೂವತ್ತೊಂದು ಸಂಜೆಗಳಲ್ಲಿ ಗಾಜಿನ ಮುಂಬಾಗಿಲುಳ್ಳ ಮರದ ಪೆಟ್ಟಿಗೆಯೊಳಗಿನ, ಯೇಸುವಿನ ತಾಯಿ ಮರಿಯಮ್ಮನವರ ಸ್ವರೂಪ, ಅಂದರೆ ಪ್ರತಿಮೆ, ಮೂವತ್ತೊಂದು ಮನೆಗಳಿಗೆ ಹೋಗುತ್ತದೆ. ನಿನ್ನೆ ಇಟ್ಟುಕೊಂಡ ಮನೆಯವರು ಇಂದು ಹೊತ್ತು ತರುತ್ತಾರೆ. ಇಂದಿನ ಮನೆಯವರು ಹೊಸ್ತಿಲಲ್ಲಿ ಮೇಣದಬತ್ತಿ ಹಿಡಿದು ಎದುರುಗೊಳ್ಳುತ್ತಾರೆ. ಎಲ್ಲರೂ ನೆಲದ ಮೇಲೆ ಕುಳಿತು ಜಪಸರ ಹೇಳುತ್ತಾರೆ. ಆಮೇಲೆ ಕಡಲೆ ಉಸ್ಲಿ, ಚಹಾ. ನಾನು ಚಿಕ್ಕವಳಿದ್ದಾಗಿನಿಂದ ಕಂಡಂತೆ ಎಲ್ಲ ಮನೆಗಳಲ್ಲೂ ಜಪಸರ ನಡೆಸುತ್ತಿದ್ದವಳು ಜಪದಮ್ಮನೇ. ನಿವೃತ್ತ ಅಧಿಕಾರಿಗಳ ಮನೆಯ ಗ್ರಾನೈಟ್ ನೆಲದ ಮೇಲೂ ಆಕೆ ಎಲ್ಲರ ಮುಂದೆ ಕುಳಿತು ಆರಂಭಿಸುತ್ತಿದ್ದಳು, ಉಳಿದವರು ಹಿಂದಿನಿಂದ ಉತ್ತರಿಸುತ್ತಿದ್ದರು.

ಹದಿನೇಳನೆಯ ಸಂಜೆ ಆಕೆಯ ಮನೆಯದು. ನಮ್ಮ ಚರ್ಚಿನಲ್ಲಿ ಜಾತಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಯಾರು ಯಾರ ಮನೆಯಲ್ಲಿ ಚಹಾ ಕುಡಿಯುತ್ತಾರೆ ಎಂಬುದನ್ನು ನೋಡಿದರೆ ಸಾಕು. ಉಳಿದ ದಿನ ಆಕೆಯ ಹೊಸ್ತಿಲಲ್ಲಿ ನಿಂತು "ಬೇಡಮ್ಮ, ಶುಗರ್ ಇದೆ" ಎನ್ನುತ್ತಿದ್ದವರೂ ಆ ಸಂಜೆ ಒಳಗೆ ಕಾಲು ಮಡಚಿ ಕುಳಿತು ಲೋಟ ಕೈಗೆತ್ತಿಕೊಳ್ಳಲೇಬೇಕಿತ್ತು. ದೇವಮಾತೆ ಒಳಗಿದ್ದಾಳೆ, ಹೊರಗೆ ನಿಲ್ಲುವುದು ಹೇಗೆ? ವರ್ಷಕ್ಕೊಂದು ಸಂಜೆ, ಒಂದು ಲೋಟ. ಇದನ್ನು ನಾನು ನೋಡಿ ಬೆಳೆದಿದ್ದೇನೆ, ಆದ್ದರಿಂದ ಏನನ್ನು ಮುರಿದೆ ಎಂದು ನನಗೆ ತಿಳಿದಿರಲಿಲ್ಲ ಎಂದು ಹೇಳಲಾರೆ.

ನನ್ನನ್ನು ಅಪ್ಪ ಅಮ್ಮ ಬಸವೇಶ್ವರನಗರದ ಒಂದು ಶಾಲೆಗೆ ಕಳುಹಿಸಿದ್ದರು. ಅಲ್ಲಿ ಪರೀಕ್ಷೆಗಳಿರಲಿಲ್ಲ, ಬೆತ್ತವಿರಲಿಲ್ಲ; ಉತ್ತರ ಹೇಳಿದವರಿಗಿಂತ ಪ್ರಶ್ನೆ ಕೇಳಿದವರಿಗೆ ಮೆಚ್ಚುಗೆ. ಆ ಶಾಲೆಗೆ ನಾನು ಋಣಿ. ಮುಂದೆ ಮನೆಗೆಲಸದ ಹೆಂಗಸರ ಹಕ್ಕುಗಳಿಗಾಗಿ ವಿಜಯನಗರದಲ್ಲಿ ನಡೆಯುವ ಒಂದು ಸಂಘಟನೆಗೆ ಸೇರಿದೆ. ಕಚೇರಿಗಳ ಮೆಟ್ಟಿಲು ಹತ್ತಿ "ಯಾವ ನಿಯಮದಲ್ಲಿದೆ, ತೋರಿಸಿ" ಎಂದು ಕೇಳುವುದೇ ನನ್ನ ಕೆಲಸವಾಯಿತು. ಆ ಮಾತಿಗೆ ಎಂಥೆಂಥ ಅಧಿಕಾರಿಗಳು ತಡವರಿಸಿದ್ದನ್ನು ಕಂಡಿದ್ದೇನೆ. ಅದನ್ನು ಕಾಣುವುದರಲ್ಲಿ ಒಂದು ಸುಖವಿತ್ತು ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಆ ಮಾತು ಒಮ್ಮೆ ನನ್ನ ಕಡೆಗೇ ತಿರುಗಿತು. ಹೆಗ್ಗನಹಳ್ಳಿಯಲ್ಲಿರುವ ನನ್ನ ದೊಡ್ಡಮ್ಮನ ಮಗ ಕೆಲವು ವರ್ಷಗಳ ಹಿಂದೆ ನಮ್ಮ ಚರ್ಚನ್ನು ಬಿಟ್ಟು, ಅಲ್ಲಿನ ಒಂದು ಹೊಸ ಪ್ರಾರ್ಥನಾ ಸಭೆಗೆ ಸೇರಿದ್ದ. ಈಸ್ಟರ್ ಹಬ್ಬದ ಮಧ್ಯಾಹ್ನ ಅವನ ಮನೆಯಲ್ಲಿ ಬಿರಿಯಾನಿ ಬಡಿಸುತ್ತಿರುವಾಗ ನನ್ನ ಕೊರಳಿನಲ್ಲಿದ್ದ ಮರಿಯಮ್ಮನವರ ಪದಕವನ್ನು ಕಂಡು ನಕ್ಕ.

"ಏನೇ, ಇನ್ನೂ ಅದನ್ನ ಹಾಕ್ಕೊಂಡೇ ಓಡಾಡ್ತೀಯಾ?"

"ಹಾಕ್ಕೋತೀನಿ. ನಿನಗೇನಣ್ಣ ತೊಂದ್ರೆ?"

"ನಂಗೇನೂ ಇಲ್ಲ ಕಣೇ. ಮೇರಿ ಪಾಪ ಇಲ್ದೆ ಹುಟ್ಟಿದ್ಲು ಅಂತೀರ, ಸತ್ಮೇಲೆ ಶರೀರದ ಸಮೇತ ಮೇಲಕ್ಕೆ ಹೋದ್ಲು ಅಂತೀರ. ಎಲ್ಲಿ ಬರ್ದಿದೆ? ಒಂದು ವಚನ ತೋರ್ಸು, ನಾಳೆಯಿಂದ ನಾನೂ ನಿಮ್ಮ ಚರ್ಚಿಗೇ ಬರ್ತೀನಿ."

ಅವನು ನನ್ನ ತಟ್ಟೆಗೆ ಇನ್ನೊಂದು ತುಂಡು ಹಾಕುತ್ತ, "ಊರೋರ್ಗೆಲ್ಲ ಕಾಗದ ಪತ್ರ ತೋರ್ಸಿ ಅಂತೀಯ. ನಿನ್ನ ದೇವಮಾತೆ ಕಾಗದ ಎಲ್ಲಮ್ಮಾ?" ಎಂದ. ಮನೆಯವರೆಲ್ಲ ನಕ್ಕರು. ನಾನೂ ನಗಬೇಕಾಯಿತು.

ಆ ನಗೆಯ ಉರಿಯಲ್ಲಿ ನಾನು ಬೈಬಲನ್ನು ಮೊದಲ ಬಾರಿಗೆ ಪೂರ್ತಿಯಾಗಿ ಓದಿದೆ. ಒಂದು ನೋಟುಬುಕ್ಕಿನಲ್ಲಿ ಎರಡು ಅಂಕಣ ಎಳೆದೆ: ಇದೆ, ಇಲ್ಲ. ಕೆಲವೇ ದಿನಗಳಲ್ಲಿ ನಡುವೆ ಮೂರನೆಯದೊಂದನ್ನು ಎಳೆಯಬೇಕಾಯಿತು. 'ಇದೆ' ಎಂಬಲ್ಲಿ ಲೂಕನ ಶುಭಸಂದೇಶದ ಮೊದಲ ಅಧ್ಯಾಯ ಬಂತು. ದೇವದೂತ ಆ ಹುಡುಗಿಗೆ ನಮಸ್ಕಾರ ಹೇಳುವುದು, ಗರ್ಭಿಣಿಯಾದ ಬಂಧು ಅವಳನ್ನು ಸ್ತ್ರೀಯರಲ್ಲಿ ಧನ್ಯಳೆಂದು ಕರೆಯುವುದು, ಎಲ್ಲ ತಲೆಮಾರುಗಳೂ ತನ್ನನ್ನು ಧನ್ಯಳೆನ್ನುವುವು ಎಂದು ಅವಳೇ ಹಾಡುವುದು ಎಲ್ಲ ಅಲ್ಲಿದೆ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದಾಗ ಮಗನ ಬಳಿ ಹೋಗಿ ಹೇಳಿದವಳು ಅವಳು. ಶಿಲುಬೆಯ ಬುಡದಲ್ಲಿ ಅವಳನ್ನು ಶಿಷ್ಯನಿಗೆ ತಾಯಿಯಾಗಿ ಕೊಟ್ಟದ್ದೂ ಬರೆದಿದೆ. 'ಇಲ್ಲ' ಎಂಬಲ್ಲಿ ಅವಳ ಹುಟ್ಟಿನ ಕಥೆ ಬಂತು, ಅವಳ ಕೊನೆಯ ಕಥೆ ಬಂತು. ಈ ಎರಡರ ಬಗ್ಗೆಯೂ ಗ್ರಂಥ ಮೌನವಾಗಿದೆ. ಅವಳು ಕೊನೆಯವರೆಗೂ ಕನ್ಯೆಯಾಗಿದ್ದಳು ಎಂಬ ನಂಬಿಕೆಯ ಎದುರಿಗೆ ಯೇಸುವಿನ ಸಹೋದರರ ಉಲ್ಲೇಖಗಳು ಕುಳಿತಿವೆ. ಅವರು ಒಡಹುಟ್ಟಿದವರಲ್ಲ, ಬಂಧುಗಳು ಎಂದು ನಮ್ಮವರು ವಿವರಿಸುತ್ತಾರೆ. ಬೈಬಲಿನ ಕೊನೆಯ ಪುಸ್ತಕದಲ್ಲಿ ಸೂರ್ಯನನ್ನು ಉಟ್ಟ ಹೆಣ್ಣೊಬ್ಬಳು ಬರುತ್ತಾಳೆ. ಅವಳು ಮರಿಯಳೇ, ದೇವಜನರ ಸಂಕೇತವೇ ಎಂಬುದಕ್ಕೆ ನಡುವಿನ ಅಂಕಣವೇ ಗತಿ.

ನಮ್ಮ ಗುರುಗಳನ್ನು ಕೇಳಿದಾಗ ಅವರು ಮುಚ್ಚುಮರೆಯಿಲ್ಲದೆ ಹೇಳಿದರು: "ನೋಡಮ್ಮ, ನಾವು ಗ್ರಂಥ ಒಂದನ್ನೇ ಹಿಡಿದವರಲ್ಲ. ಗ್ರಂಥ ಕಟ್ಟೋಕೆ ಮುಂಚೆಯೂ ನಂಬೋರು ಇದ್ರು. ಅವರ ಬಾಯಿಂದ ಬಂದದ್ದೂ ನಮಗೆ ಆಸ್ತಿ." ನನಗೆ ಅದು ಜಾರಿಕೊಳ್ಳುವ ಉತ್ತರದಂತೆ ಕಂಡಿತು. ಗಂಡಸರು ಸಭೆ ಸೇರಿ ಒಬ್ಬ ಹೆಣ್ಣಿನ ಕನ್ಯತ್ವವನ್ನು ತೀರ್ಮಾನಿಸಿ, ವಿಧೇಯತೆಯನ್ನು ಅವಳ ಕಿರೀಟವಾಗಿಸಿ, ಅದನ್ನೇ ಎಲ್ಲ ಹೆಣ್ಣುಮಕ್ಕಳಿಗೂ ಬೋಧಿಸಿದರು ಎಂದು ನಾನು ಆಗ ವಾದಿಸಿದೆ. ಈ ಮಾತನ್ನು ಇಂದೂ ಹಿಂತೆಗೆದುಕೊಳ್ಳುವುದಿಲ್ಲ. ನನ್ನ ನಾಚಿಕೆ ಇರುವುದು ವಾದದಲ್ಲಲ್ಲ. ಆ ವಾದವನ್ನು ಯಾರ ಮೇಲೆ ಪ್ರಯೋಗಿಸಿದೆ ಎಂಬುದರಲ್ಲಿ.

ಜೂನ್ ತಿಂಗಳಲ್ಲಿ, ಭಾನುವಾರದ ಕನ್ನಡ ಬಲಿಪೂಜೆಯ ನಂತರ ಚರ್ಚಿನ ಸಭಾಂಗಣದಲ್ಲಿ ಬೈಬಲ್ ತರಗತಿ ಆರಂಭಿಸಿದೆ. ಜಪದಮ್ಮನನ್ನು ನಾನೇ ಕರೆದಿದ್ದೆ. "ನೀವಿಲ್ದೆ ಆಗಲ್ಲ ಆಂಟಿ, ಬರ್ಲೇಬೇಕು" ಎಂದಿದ್ದೆ. ಆಕೆ ಕೆಲಸದ ಮನೆಯೊಂದಕ್ಕೆ ರಜೆ ಹೇಳಿ, ತಲೆ ಬಾಚಿ, ಜಪಸರವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದಳು. ಪ್ರಾರ್ಥನೆ ನಡೆಸಲು ಕರೆದಿದ್ದಾರೆ ಎಂದುಕೊಂಡಿದ್ದಳು. ಇಪ್ಪತ್ತು ಕುರ್ಚಿಗಳಿದ್ದರೂ ಎದುರಿನ ಚಾಪೆಯ ಮೇಲೆ ಕುಳಿತಳು.

ಕಪ್ಪುಹಲಗೆಯ ಮೇಲೆ ನಾನು ದೊಡ್ಡದಾಗಿ 'ಎಲ್ಲಿ ಬರೆದಿದೆ?' ಎಂದು ಬರೆದಿದ್ದೆ. ಕೋಣೆಯಲ್ಲಿ ಅದನ್ನು ಓದಲಾರದವಳು ಒಬ್ಬಳೇ. ನಾನು ಮೊದಲು ತಿರುಗಿದ್ದು ಅವಳ ಕಡೆಗೇ.

"ಆಂಟಿ, ಇಷ್ಟು ವರ್ಷದಿಂದ ಜಪಸರ ನಡೆಸ್ತಾ ಇದೀರಿ. ಮರಿಯಮ್ಮನವರು ಶರೀರದ ಸಮೇತ ಸ್ವರ್ಗಕ್ಕೆ ಹೋದ್ರು ಅಂತ ಹೇಳ್ತೀರಲ್ಲ, ಅದು ಬೈಬಲ್‌ನಲ್ಲಿ ಎಲ್ಲಿದೆ?"

ಆಕೆ ಸುತ್ತ ನೋಡಿದಳು. "ಎಲ್ಲಿ ಐತಿ ಅಂದ್ರ... ಒಳಗ ಐತಲ್ಲ ತಂಗಿ."

ಹಿಂದಿನ ಸಾಲಿನಿಂದ ಯಾರೋ, "ಪೇಜ್ ನಂಬರ್ ಹೇಳಿ ಆಂಟಿ, ಪೇಜ್ ನಂಬರ್!" ಎಂದರು. ನಗೆ ಎದ್ದಿತು. ಹೆಗ್ಗನಹಳ್ಳಿಯ ಊಟದ ನಗೆಯೂ ಹೀಗೆಯೇ ಇತ್ತು. ಅದನ್ನು ನಾನು ತಕ್ಷಣ ಗುರುತಿಸಿದೆ. ಗುರುತಿಸಿಯೂ ತಡೆಯಲಿಲ್ಲ. ಈ ಬಾರಿ ಅದು ನನ್ನ ಮೇಲೆ ಇರಲಿಲ್ಲ, ಅಷ್ಟೇ.

ಬೈಬಲನ್ನು ಆಕೆಯ ಕೈಗೆ ಕೊಟ್ಟೆ. ಆಕೆ ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು, ಮುಚ್ಚಿದ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡಳು. "ತೆಗೆದು ತೋರ್ಸಿ" ಎಂದೆ. ಅವಳಿಗೆ ಓದಲು ಬರುವುದಿಲ್ಲ ಎಂಬುದು ನನಗೆ ಹತ್ತು ವರ್ಷದವಳಿದ್ದಾಗಿನಿಂದ ಗೊತ್ತು. ಅವಳ ಊರಿನಿಂದ ಬಂದ ಕಾಗದಗಳನ್ನು ಓದಿ ಹೇಳುತ್ತಿದ್ದವಳು ನಾನೇ.

ಆಗ ಆಕೆ ಒಂದು ಕೆಲಸ ಮಾಡಿದಳು. ಪುಸ್ತಕದ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ತನಗೆ ಬರುವ ಉತ್ತರವನ್ನು ಆರಂಭಿಸಿದಳು. ಅದು ನಮೋ ಮರಿಯ ಪ್ರಾರ್ಥನೆ, ಜಪಸರದ ಪ್ರತಿ ಮಣಿಗೂ ಹೇಳುವಂಥದು. ಎರಡು ಸಾಲು ಆಗಿರಬೇಕು. ನಾನು ನಡುವೆ ಬಾಯಿ ಹಾಕಿದೆ: "ಅದು ಪ್ರಾರ್ಥನೆ ಆಂಟಿ. ನಾನು ಕೇಳ್ತಿರೋದು ವಾಕ್ಯ."

ಆ ಪ್ರಾರ್ಥನೆಯ ಮೊದಲರ್ಧ ವಾಕ್ಯವೇ. ದೇವದೂತನ ನಮಸ್ಕಾರ ಮತ್ತು ಆ ಬಂಧುವಿನ ಉದ್ಗಾರ ಸೇರಿ ಆದದ್ದು ಅದು. ಎರಡನೆಯ ಅರ್ಧ ಮಾತ್ರ ಜನರು ಮುಂದೆ ಸೇರಿಸಿಕೊಂಡ ಬಿನ್ನಹ. ನಾನು ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ, ನಿಜ. ಆದರೆ ಅವಳ ಬಾಯಲ್ಲಿರುವುದು ಗ್ರಂಥವಲ್ಲ ಎಂದು ನಾನು ಇಪ್ಪತ್ತು ಮಂದಿಯ ಮುಂದೆ ಹೇಳಿದೆ. ಅದು ಸುಳ್ಳು. ನನ್ನ ನೋಟುಬುಕ್ಕಿನ 'ಇದೆ' ಎಂಬ ಅಂಕಣದ ಮೊದಲ ಸಾಲಿನಲ್ಲೇ ಅದಿತ್ತು. ನೋಟುಬುಕ್ಕು ಮೇಜಿನ ಮೇಲೆ ತೆರೆದಿತ್ತು. ತರಗತಿ ಚೆನ್ನಾಗಿ ನಡೆಯುತ್ತಿತ್ತು, ಹಿಂದಿನ ಸಾಲಿನವರೂ ಎದ್ದು ಕುಳಿತಿದ್ದರು. ಆದ್ದರಿಂದ ನಾನು ಸುಮ್ಮನಿದ್ದೆ.

ಜಪದಮ್ಮ ಬೈಬಲನ್ನು ಮೇಜಿನ ಮೇಲಿಟ್ಟು, "ನನಗ ಗೊತ್ತಿಲ್ಲವ್ವಾ" ಎಂದು ಹೇಳಿ ಹೋದಳು.

ಮುಂದಿನದು ಬೇಗ ನಡೆಯಿತು. ನಾನೂ ಸದಸ್ಯಳಾಗಿರುವ ಪಾಲನಾ ಸಮಿತಿಯ ಸಭೆಯಲ್ಲಿ ಕಾರ್ಯದರ್ಶಿಗಳು ಎದ್ದು ನಿಂತರು. "ಮೇಡಂ ಕಣ್ಣು ತೆರೆಸಿದ್ದಾರೆ. ಹೊಸ ಸಭೆಗಳೋರು ಬಾಗಿಲಿಗೆ ಬಂದು ಕೇಳಿದ್ರೆ ಜಪದಮ್ಮ ಏನು ಹೇಳ್ತಾಳೆ ಸ್ವಾಮಿ? ಓದಿದೋರೇ ನಡೆಸ್ಲಿ." ಹನ್ನೊಂದು ಕೈಗಳು ಮೇಲೆದ್ದವು; ಅವುಗಳಲ್ಲಿ ಒಂದು ನನ್ನದು. ಮನೆಮನೆಯ ಜಪಸರ ನಡೆಸುವವರು ಬೈಬಲ್ ತರಗತಿ ಮುಗಿಸಿರಬೇಕು, ವಾಕ್ಯವನ್ನು ತಾವೇ ತೆರೆದು ಓದಬಲ್ಲವರಾಗಿರಬೇಕು. ಈ ಒಕ್ಕಣೆ ನನ್ನದು, ನನಗೆ ಠರಾವು ಬರೆದು ಅಭ್ಯಾಸವಿದೆ. ಗುರುಗಳು, "ಯಾರಿಗೂ ನೋವಾಗಬಾರದು ನೋಡಿ" ಎಂದು ಹೇಳಿ ಸಹಿ ಹಾಕಿದರು. ಜನರ ಬಾಯಿಂದ ಬಂದದ್ದು ಆಸ್ತಿ ಎಂದು ನನಗೆ ಹೇಳಿದ್ದವರೂ ಅವರೇ. ಆ ಆಸ್ತಿಯನ್ನು ಹೊತ್ತು ತಂದವಳಿಗಾಗಿ ಒಬ್ಬರೂ ಒಂದು ಮಾತು ಆಡಲಿಲ್ಲ. ಪೂಜಾಪೀಠದ ಬಳಿ ಹೆಂಗಸರಿಗೆ ಎಡೆಯಿಲ್ಲದ ನಮ್ಮಲ್ಲಿ ಹೆಂಗಸೊಬ್ಬಳು ಯಾರ ಅಪ್ಪಣೆಯೂ ಇಲ್ಲದೆ ಮುಂದೆ ಕುಳಿತು ನಡೆಸುತ್ತಿದ್ದ ಪ್ರಾರ್ಥನೆ ಅದೊಂದೇ. ಹೆಣ್ಣಿನ ಬಿಡುಗಡೆಯ ಮಾತಾಡುತ್ತ ಅದನ್ನು ಮುಚ್ಚಿದವಳು ನಾನು.

ಅಕ್ಟೋಬರಿನ ಮನೆಗಳ ಪಟ್ಟಿ ಸೂಚನಾ ಫಲಕದಲ್ಲಿ ಬಂತು. ಹದಿನೇಳನೆಯ ಸಾಲಿನಲ್ಲಿ ಜಪದಮ್ಮನ ಮನೆ. 'ನಡೆಸುವವರು' ಎಂಬ ಹೊಸ ಅಂಕಣದಲ್ಲಿ ಒಬ್ಬ ಕಾಲೇಜು ಹುಡುಗಿ. ಕಾರ್ಯದರ್ಶಿಗಳು ಇದನ್ನು ಹೇಳಲು ಹೋದಾಗ ಆಕೆ, "ನಮ್ಮನ್ಯಾಗ ನಾ ಬಾಯಿ ಮುಚ್ಚಿ ಕುಂಡ್ರಬೇಕಂದ್ರ, ಬ್ಯಾಡ ಬಿಡ್ರಿ" ಎಂದಳಂತೆ. ಕಾರ್ಯದರ್ಶಿಗಳು ಆ ಸಾಲಿನ ಎದುರು 'ಒಪ್ಪಿಲ್ಲ' ಎಂದು ಬರೆದರು. ಸ್ವರೂಪ ಹದಿನಾರನೆಯ ಮನೆಯಿಂದ ನೇರ ಹದಿನೆಂಟನೆಯದಕ್ಕೆ ಹೋಗುವುದೆಂದು ತೀರ್ಮಾನವಾಯಿತು.

ಸ್ವರೂಪ ಹಾಗೆ ದಾಟಿಹೋದ ಸಂಜೆ ನಾನು ಮೆರವಣಿಗೆಯಲ್ಲಿ ಮೇಣದಬತ್ತಿ ಹಿಡಿದಿದ್ದೆ. ಆಕೆಯ ಬಾಗಿಲು ಅರ್ಧ ತೆರೆದಿತ್ತು, ಒಳಗೆ ದೀಪವಿತ್ತು. ಒಬ್ಬಳೇ ಜಪಸರ ಹೇಳುತ್ತಿದ್ದಳು. ನಡೆಸುವ ಭಾಗವನ್ನೂ ಉತ್ತರಿಸುವ ಭಾಗವನ್ನೂ ತಾನೇ. ಪೆಟ್ಟಿಗೆ ಹೊತ್ತವರ ಹೆಜ್ಜೆ ಒಂದು ಗಳಿಗೆ ನಿಧಾನವಾಯಿತು. ನಾನು ನಿಲ್ಲಿ ಎಂದಿದ್ದರೆ ನಿಲ್ಲುತ್ತಿದ್ದರು. ಎನ್ನಲಿಲ್ಲ. ಮುಂದಿನ ಮನೆಯಲ್ಲಿ ಆ ಹುಡುಗಿ ಮೊಬೈಲ್ ನೋಡಿಕೊಂಡು ಓದಿದಳು. ಜಪಸರದ ಕೊನೆಗೆ ಬರುವ ಸ್ತುತಿಮಾಲೆಯ ನಡುವೆ ಅದರಲ್ಲಿ ಸೀರೆ ಅಂಗಡಿಯ ಜಾಹೀರಾತೊಂದು ಜೋರಾಗಿ ಹಾಡಿತು. ಅವಳ ತಪ್ಪೇನೂ ಇಲ್ಲ, ಪಾಪ, ಅವಳು ಬೆವರುತ್ತಿದ್ದಳು.

ಮುಂದಿನ ಭಾನುವಾರ ಜಪದಮ್ಮನ ಮನೆಗೆ ಹೋದೆ. ಆಕೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಕುಳಿತುಕೋ ಎಂದಳು. ಹೇಗೆ ಆರಂಭಿಸಬೇಕೆಂದು ತಿಳಿಯದೆ ನಾನೂ ಒಂದು ಹಿಡಿ ಸೊಪ್ಪು ತೆಗೆದುಕೊಂಡೆ.

"ಆಂಟಿ, ಅವತ್ತು ತರಗತೀಲಿ ನೀವು ಹೇಳೋಕೆ ಶುರು ಮಾಡಿದ್ರಲ್ಲ, ಅದು ಬೈಬಲ್‌ನಲ್ಲಿದೆ. ಅದು ವಾಕ್ಯಾನೇ."

"ಹೌದಾ?" ಆಕೆಯ ಮುಖ ಅರಳಿತು. "ನೋಡು, ಒಳಗ ಐತಿ ಅಂದಿದ್ನಿಲ್ಲ!" ಆಮೇಲೆ ಕೈ ನಿಂತಿತು. "ನಿನಗ ಆವತ್ತ ಗೊತ್ತಿತ್ತಾ?"

ಸುಳ್ಳು ಹೇಳಬಹುದಿತ್ತು. "ಗೊತ್ತಿತ್ತು ಆಂಟಿ."

ಆಕೆ ಮತ್ತೆ ಸೊಪ್ಪು ಬಿಡಿಸತೊಡಗಿದಳು. "ಗೊತ್ತಿಲ್ದ ಕೇಳಾಕತ್ತಾಳ, ಪಾಪ ಹುಡುಗಿ, ಕಲೀಲಿ ಅಂದ್ಕೊಂಡಿದ್ನಿ" ಎಂದಳು. ಇಷ್ಟು ತಿಂಗಳೂ ನನ್ನನ್ನು ಕ್ಷಮಿಸಲು ಆಕೆ ಇಟ್ಟುಕೊಂಡಿದ್ದ ಕಾರಣ ಅದು. ಅದನ್ನೂ ನಾನೇ ಕಿತ್ತುಕೊಂಡಂತಾಯಿತು.

"ಒಂದ್ ಮಾತ್ ಹೇಳು. ಮರಿಯಮ್ಮಗ ಓದಾಕ ಬರ್ತಿತ್ತೇನು?"

"ಗೊತ್ತಿಲ್ಲ ಆಂಟಿ. ಬರೆದಿಲ್ಲ."

"ಬರದಿಲ್ಲ!" ಆಕೆ ಜೋರಾಗಿ ನಕ್ಕಳು. "ಬಸುರಿ ಇದ್ದಾಗ ಗುಡ್ಡ ಹತ್ತಿ ಬಂಧುಗಳ ಮನೀಗ್ ಹೋದಾಕಿ ಆಕಿ. ನಮ್ಮನೀಗ್ ಬರಾಕ ಆಕೀಗ್ ನಿಮ್ಮ ಕಮಿಟಿ ಪಾಸ್ ಬೇಕಾತು, ಅಲ್ಲ?"

ನಾನು ಮತ್ತೊಂದು ತಪ್ಪು ಮಾಡಿದೆ. ಅಕ್ಷರ ಕಲಿಸುತ್ತೇನೆ, ಮೂರು ತಿಂಗಳು ಸಾಕು, ಮೇ ತಿಂಗಳ ಜಪಸರ ಬರುವಷ್ಟರಲ್ಲಿ ನೀವೇ ನಡೆಸಬಹುದು ಎಂದೆ.

"ಅಕ್ಷರ ಕಲಿಯೂದು ಛಲೋನ, ಕಲ್ತರೂ ಕಲ್ತೇನು. ಆದ್ರ ಕಲ್ತು ಬಂದ್ರ ಒಳಗ ಬಿಡ್ತೀನಿ ಅನ್ನಬ್ಯಾಡ. ಮದ್ಲ ಬಾಗ್ಲಾ ತಗಿ." ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಎದ್ದಳು. "ಮತ್ತ, ಇಲ್ಲಿ ನನ್ನ ಕಿವ್ಯಾಗ ಹೇಳಿದ್ದನ್ನ ಅಲ್ಲಿ ಹೇಳು. ನಗಿಸಿದಿ ಅಲ್ಲ, ಅವರ ಮುಂದ."

ಚಹಾ ಕೊಟ್ಟಳು. ಕುಡಿದೆ. ಕ್ಷಮಿಸಿದೆ ಎಂದು ಆಕೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಕೆಯ ಪ್ರಾರ್ಥನೆ ವಾಕ್ಯವೇ, ಅದು ನನಗೆ ಆವತ್ತೇ ಗೊತ್ತಿತ್ತು ಎಂಬ ಮಾತನ್ನು ನಾನು ಕಳೆದ ವಾರ ಸಭಾಂಗಣದಲ್ಲಿ, ಅದೇ ಕಪ್ಪುಹಲಗೆಯ ಮುಂದೆ ನಿಂತು, ಅದೇ ಜನರಿಗೆ ಹೇಳಿದೆ. ಕೆಲವರು ನೆಲ ನೋಡಿದರು. ಕಾರ್ಯದರ್ಶಿಗಳು, "ಆಯ್ತು ಬಿಡಿ ಮೇಡಂ, ಯಾರೂ ಬೇಕೂಂತ ಮಾಡಿದ್ದಲ್ಲ" ಎಂದರು. ನಾನು ಬೇಕೆಂದೇ ಮಾಡಿದೆ ಎಂಬುದನ್ನು ಅವರಿಗೆ ಕೇಳಿಸಲು ಮತ್ತೊಮ್ಮೆ ಹೇಳಬೇಕಾಯಿತು. ಠರಾವು ಮಾತ್ರ ಇನ್ನೂ ಫಲಕದ ಮೇಲಿದೆ. ಆದ್ದರಿಂದ ಅದಕ್ಕೆ ಹೊಣೆಯಾದವರಿಗೆ ಇಲ್ಲಿ ಬರೆಯುತ್ತಿದ್ದೇನೆ.

ಗುರುಗಳೇ, ನೀವು ಸಹಿ ಹಾಕಿದ ಆ ಠರಾವನ್ನು ಬರುವ ಭಾನುವಾರದ ಕನ್ನಡ ಬಲಿಪೂಜೆಯಲ್ಲಿ, ಪ್ರಕಟಣೆಗಳನ್ನು ಓದುವ ಅದೇ ಸ್ಥಳದಲ್ಲಿ ನಿಂತು, ಅದು ತಪ್ಪಾಗಿತ್ತೆಂದು ಹೇಳಿ ಹಿಂತೆಗೆದುಕೊಳ್ಳಿ. ಮರಿಯಮ್ಮನವರ ಕುರಿತ ಯಾವ ನಂಬಿಕೆಗೆ ಗ್ರಂಥದ ಆಧಾರವಿದೆ, ಯಾವುದಕ್ಕಿಲ್ಲ ಎಂದು ಯಾರಾದರೂ ಕೇಳಿದರೆ ಉತ್ತರಿಸಬೇಕಾದವರು ಓದಿದ ನೀವು ಮತ್ತು ನಾನು. ಇನ್ನು ಮುಂದೆ ಆ ಪ್ರಶ್ನೆ ನಮ್ಮಿಬ್ಬರ ಬಳಿಗೆ ಬರಲಿ. ಸಮಿತಿಯ ಸದಸ್ಯರೇ, ಮೇ ತಿಂಗಳೂ ಮರಿಯಮ್ಮನವರದೇ. ಆ ತಿಂಗಳ ಮೊದಲ ಸಂಜೆ ಸ್ವರೂಪವನ್ನು ಜಪದಮ್ಮನ ಕೋಣೆಗೆ ಕೊಂಡೊಯ್ಯಲು ಅನುಮತಿ ಕೊಡುತ್ತೀರಾ ಎಂದು ಆಕೆಯ ಬಾಗಿಲಿಗೆ ಹೋಗಿ ಕೇಳಿ. ಆಕೆ ಒಪ್ಪಿದರೆ, ಕೈ ಎತ್ತಿದ ಹನ್ನೊಂದು ಮಂದಿಯೂ ಹೋಗೋಣ. ಆಕೆ ನಡೆಸಲಿ, ನಾವು ಉತ್ತರಿಸೋಣ. ಜಪ ಮುಗಿದ ಮೇಲೆ ಆಕೆ ಚಹಾ ತರುತ್ತಾಳೆ. ಶುಗರ್ ಇದೆ ಎನ್ನದೆ ಕುಡಿಯಿರಿ.